ಎರಡು ಚಕ್ರದ ಮೇಲೆ ನಿಲ್ಲುವ ರೋಬೋಟ್, ಆಮೇಲೆ ಸ್ಕೂಟರ್: ಪಿಐಡಿ ಮುಟ್ಟುವ ಮುಂಚಿನ ಕೆಲಸ

ಸೆಲ್ಫ್ ಬ್ಯಾಲೆನ್ಸಿಂಗ್ ರೋಬೋಟ್ ಕಟ್ಟುವವರ ಹೆಚ್ಚಿನ ಸಮಯ ಪಿಐಡಿ ಅಂಕಿಗಳನ್ನು ತಿದ್ದುವುದರಲ್ಲೇ ಹೋಗುತ್ತದೆ. ಪಿಐಡಿ ಎಂದರೆ ವಾಲಿಕೆ ನೋಡಿ ಚಕ್ರವನ್ನು ಎಷ್ಟು ತಳ್ಳಬೇಕೆಂದು ಹೇಳುವ ಲೆಕ್ಕ: ಕೆಪಿ ಈಗಿನ ವಾಲಿಕೆಯನ್ನು, ಕೆಡಿ ವಾಲುವ ವೇಗವನ್ನು, ಕೆಐ ಕೂಡುತ್ತ ಬಂದ ತಪ್ಪನ್ನು ಗುಣಿಸುವ ಅಂಕಿ. ಕೆಪಿ ಏರಿಸಿದರೆ ಗಡಗಡ ನಡುಗುತ್ತದೆ, ಇಳಿಸಿದರೆ ಮುಗ್ಗರಿಸುತ್ತದೆ, ಕೆಡಿ ಕೊಟ್ಟರೆ ಕಿರ್ರೆನ್ನುತ್ತದೆ. ಹೀಗೆ ಸುತ್ತಿ ಸುತ್ತಿ ಸುಸ್ತಾಗುವ ಹೊತ್ತಿಗೆ ತಪ್ಪು ಬೇರೆಲ್ಲೋ ಆರಾಮಾಗಿ ಕೂತಿರುತ್ತದೆ: ಗೇರಿನ ಪ್ಲೇಯಲ್ಲಿ (ಹಲ್ಲುಗಳ ನಡುವಿನ ಸಡಿಲ), ಸಡಿಲವಾಗಿ ಅಂಟಿಸಿದ ಸೆನ್ಸರ್‌ನಲ್ಲಿ, ಅಥವಾ ಒಮ್ಮೆ ಬೇಗ ಒಮ್ಮೆ ತಡವಾಗಿ ಓಡುವ ಲೂಪ್‌ನಲ್ಲಿ (ಸೆನ್ಸರ್ ಓದಿ ಮೋಟರಿಗೆ ಹೇಳುವ ಕೋಡಿನ ಸುತ್ತು). ಈ ಮೂರೂ ಸರಿಯಿದ್ದರೆ ಅಂಕಿ ಹುಡುಕಲು ಅರ್ಧ ಗಂಟೆ ಸಾಕು. ಸರಿಯಿಲ್ಲದಿದ್ದರೆ ಯಾವ ಅಂಕಿಯೂ ಆಗಿಬರುವುದಿಲ್ಲ. ಅದಕ್ಕೇ ಟ್ಯೂನಿಂಗ್ ಇಲ್ಲಿ ತಡವಾಗಿ ಬರುತ್ತದೆ.

ಎತ್ತರ ಮತ್ತು ಚೌಕಟ್ಟು

ಅಂಗೈ ಮೇಲೆ ಪೆನ್ಸಿಲ್ ನಿಲ್ಲಿಸಲು ಆಗದವರೂ ಪೊರಕೆಯ ಉದ್ದ ಕೋಲನ್ನು ಸಲೀಸಾಗಿ ನಿಲ್ಲಿಸುತ್ತಾರೆ. ಎತ್ತರದ ವಸ್ತು ನಿಧಾನಕ್ಕೆ ಬೀಳುತ್ತದೆ, ಹಿಡಿಯಲು ಸಮಯ ಸಿಗುತ್ತದೆ. ಲೆಕ್ಕ ಸುಲಭ: ಆಕ್ಸಲ್‌ನಿಂದ ತೂಕದ ಕೇಂದ್ರಕ್ಕೆ ಇರುವ ದೂರವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ವಾಲಿದ ಕೋನ ಸುಮಾರು 2.7 ಪಟ್ಟು ಬೆಳೆಯಲು ಅಷ್ಟು ಸೆಕೆಂಡು ಹಿಡಿಯುತ್ತದೆ. ದೂರ 10 ಸೆಂ.ಮೀ. ಇದ್ದರೆ 0.1 ಸೆಕೆಂಡು, 25 ಸೆಂ.ಮೀ. ಇದ್ದರೆ 0.16 ಸೆಕೆಂಡು. ಸೆನ್ಸರ್ ಓದಿ, ಲೆಕ್ಕ ಹಾಕಿ, ಚಕ್ರ ತಿರುಗಿಸುವ ಕೆಲಸವೆಲ್ಲ ಇದರ ಒಂದು ಸಣ್ಣ ಪಾಲಿನೊಳಗೆ ಮುಗಿಯಬೇಕು. ಪುಟ್ಟದಾಗಿ, ಮುದ್ದಾಗಿ ಮಾಡೋಣ ಎಂದು ಕುಳ್ಳಗೆ ಕಟ್ಟುವುದು ಮೊದಲ ರೋಬೋಟ್‌ಗೆ ಒಳ್ಳೆಯ ಯೋಚನೆಯಲ್ಲ.

5 ಮಿ.ಮೀ. ಪ್ಲೈವುಡ್‌ನಲ್ಲಿ 200 × 80 ಮಿ.ಮೀ.ನ ಮೂರು ಹಲಗೆ ಕತ್ತರಿಸಿ. ನಾಲ್ಕು ಮೂಲೆಗೆ 250 ಮಿ.ಮೀ. ಉದ್ದದ ಎಂ5 ಥ್ರೆಡೆಡ್ ರಾಡ್ ಹಾಕಿ, ಪ್ರತಿ ಹಲಗೆಯ ಮೇಲೊಂದು ಕೆಳಗೊಂದು ನಟ್ಟು, ಸ್ಪ್ರಿಂಗ್ ವಾಷರ್ ಸಮೇತ ಬಿಗಿಯಿರಿ. ಮೋಟರ್‌ಗಳು ಕೆಳಗಿನ ಹಲಗೆಯ ಅಡಿಯಲ್ಲಿ ಎಲ್ ಬ್ರಾಕೆಟ್‌ಗೆ, ಬೋರ್ಡುಗಳು ನಡುವೆ, ಬ್ಯಾಟರಿ ಎಲ್ಲಕ್ಕಿಂತ ಮೇಲೆ. ಎರಡು ಸ್ಟೆಪ್ಪರ್ ಮೋಟರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟರ್) ಸೇರಿದರೆ ಅರ್ಧ ಕಿಲೋ ದಾಟುತ್ತದೆ, ಆ ತೂಕವೆಲ್ಲ ಆಕ್ಸಲ್ ಮಟ್ಟದಲ್ಲೇ ಕೂರುತ್ತದೆ. ಬ್ಯಾಟರಿಯನ್ನೂ ಕೆಳಗೆ ಇಟ್ಟರೆ ಉದ್ದ ರಾಡ್ ಹಾಕಿ ಏನೂ ಉಪಯೋಗವಿಲ್ಲ, ತೂಕದ ಕೇಂದ್ರ ಕೆಳಗೇ ಉಳಿಯುತ್ತದೆ. ಬ್ಯಾಟರಿಯನ್ನು ವೆಲ್‌ಕ್ರೋ ಪಟ್ಟಿಯಿಂದ ಬಿಗಿದು ಕಟ್ಟಿ. ಅದು ಎರಡು ಮಿ.ಮೀ. ಜಾರಿದರೂ ರೋಬೋಟ್ ನೆಟ್ಟಗೆ ನಿಲ್ಲುವ ಕೋನ ಬದಲಾಗುತ್ತದೆ.

ಕಟ್ಟಿದ ಚೌಕಟ್ಟಿನ ಮೇಲ್ತುದಿ ಹಿಡಿದು ಹಿಂದೆ ಮುಂದೆ ತಿರುಚಿ ನೋಡಿ. ಕೈಗೆ ಬಳುಕಿದ್ದು ಗೊತ್ತಾದರೆ ಎರಡು ಬದಿಗೆ ಅಡ್ಡಪಟ್ಟಿ ಬೇಕು. ಬಳುಕುವ ಚೌಕಟ್ಟು ತನ್ನದೇ ಲಯದಲ್ಲಿ ಕಂಪಿಸುತ್ತದೆ, ಸೆನ್ಸರ್ ಅದನ್ನು ವಾಲಿಕೆ ಎಂದುಕೊಳ್ಳುತ್ತದೆ, ಮೋಟರ್ ಅದಕ್ಕೆ ಉತ್ತರ ಕೊಡಲು ಹೋಗಿ ಕಂಪನವನ್ನೇ ಹೆಚ್ಚಿಸುತ್ತದೆ.

ಮೋಟರ್: ಪ್ಲೇ ಎಂಬ ಪೀಡೆ

ಹಳದಿ ಬಣ್ಣದ ಪ್ಲಾಸ್ಟಿಕ್ ಗೇರಿನ 1:48 ಮೋಟರ್ ಎಲ್ಲ ಕಿಟ್‌ಗಳಲ್ಲೂ ಬರುತ್ತದೆ. ಗೆರೆ ಹಿಡಿದು ಓಡುವ ಲೈನ್ ಫಾಲೋವರ್‌ಗೆ ಸಾಕು, ಇದಕ್ಕೆ ಬೇಡ. ಬ್ಯಾಲೆನ್ಸ್ ಮಾಡುವ ರೋಬೋಟ್ ಸೆಕೆಂಡಿಗೆ ಹಲವು ಸಲ ಚಕ್ರದ ದಿಕ್ಕು ಬದಲಿಸುತ್ತದೆ. ಪ್ರತಿ ಸಲವೂ ಗೇರಿನ ಹಲ್ಲುಗಳ ನಡುವಿನ ಖಾಲಿ ಜಾಗ ದಾಟುವವರೆಗೆ ಮೋಟರ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಅಷ್ಟರಲ್ಲಿ ದೇಹ ಇನ್ನಷ್ಟು ವಾಲಿರುತ್ತದೆ, ಕಂಟ್ರೋಲರ್ ಇನ್ನೂ ಜೋರಾಗಿ ತಳ್ಳುತ್ತದೆ, ಹಲ್ಲು ಹಲ್ಲಿಗೆ ತಾಗಿದಾಗ ಒಮ್ಮೆಲೇ ಧಕ್ಕೆ ಕೊಡುತ್ತದೆ. ನಿಂತಲ್ಲೇ ಟಕಟಕ ಎನ್ನುವ ಸದ್ದು ಇದರದ್ದೇ.

ಪ್ಲೇ ಅಳೆಯಲು 30 ಸೆಂ.ಮೀ. ಸ್ಕೇಲನ್ನು ಚಕ್ರಕ್ಕೆ ಟೇಪಿನಿಂದ ಅಂಟಿಸಿ, ಸೊನ್ನೆ ತುದಿ ಆಕ್ಸಲ್ ಮೇಲೆ ಬರಲಿ. ಮೋಟರನ್ನು ಗಟ್ಟಿಯಾಗಿ ಹಿಡಿದು ಸ್ಕೇಲಿನ ಹೊರತುದಿಯನ್ನು ಬೆರಳಲ್ಲಿ ಆಡಿಸಿ. ಅಡ್ಡಿಯಿಲ್ಲದೆ 10 ಮಿ.ಮೀ. ಆಡಿದರೆ ಪ್ಲೇ ಸುಮಾರು 1.9 ಡಿಗ್ರಿ. 5 ಮಿ.ಮೀ.ಗಿಂತ ಕಡಿಮೆ ಇದ್ದರೆ ಧೈರ್ಯವಾಗಿ ಬಳಸಿ. 15 ದಾಟಿದರೆ ಆ ಮೋಟರನ್ನು ಬೇರೆ ಕೆಲಸಕ್ಕೆ ಎತ್ತಿಡಿ. ಎಷ್ಟೋ ಸಲ ಪ್ಲೇ ಗೇರಿನಲ್ಲಿ ಇರುವುದೇ ಇಲ್ಲ, ಚಕ್ರದ ಹಬ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಚಿಕ್ಕ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂತಿರುವುದಿಲ್ಲ, ಅಷ್ಟೆ. ಅದನ್ನು ಮೊದಲು ನೋಡಿ.

ಪ್ಲೇಯ ತಲೆನೋವೇ ಬೇಡ ಎಂದರೆ ನೆಮಾ 17 ಅಳತೆಯ ಸ್ಟೆಪ್ಪರ್. ಗೇರ್ ಇಲ್ಲ, ಚಕ್ರ ನೇರ ಶಾಫ್ಟಿಗೆ. ಒಂದು ಹೆಜ್ಜೆಗೆ 1.8 ಡಿಗ್ರಿ, ಸುತ್ತಿಗೆ 200 ಹೆಜ್ಜೆ. ಡ್ರೈವರ್ (ಮೋಟರಿಗೆ ಕರೆಂಟ್ ಕೊಡುವ ಚಿಪ್) ಎ4988 ಆದರೆ ಎಂಎಸ್1, ಎಂಎಸ್2 ಪಿನ್ನುಗಳಿಗೆ ಹೈ, ಎಂಎಸ್3ಕ್ಕೆ ಲೋ ಕೊಟ್ಟು ಹೆಜ್ಜೆಯನ್ನು ಎಂಟು ಭಾಗ ಮಾಡುವ ಎಂಟನೇ ಒಂದರ ಮೈಕ್ರೋಸ್ಟೆಪ್ ಇಡಿ, ಸುತ್ತಿಗೆ 1600 ಪಲ್ಸ್ ಆಗುತ್ತದೆ. 85 ಮಿ.ಮೀ. ಚಕ್ರದ ಸುತ್ತಳತೆ 267 ಮಿ.ಮೀ. ಸೆಕೆಂಡಿಗೆ ಅರ್ಧ ಮೀಟರ್ ವೇಗಕ್ಕೆ ಸೆಕೆಂಡಿಗೆ ಸುಮಾರು 3000 ಪಲ್ಸ್ ಬೇಕು, ಎಂದರೆ 333 ಮೈಕ್ರೋಸೆಕೆಂಡಿಗೊಂದು. ಇದನ್ನು ಮುಖ್ಯ ಲೂಪ್‌ನಲ್ಲಿ ಹುಟ್ಟಿಸಲು ಹೋಗಬೇಡಿ, ಟೈಮರ್ ಇಂಟರಪ್ಟ್‌ಗೆ (ನಿಗದಿತ ಕಾಲಕ್ಕೆ ಉಳಿದ ಕೆಲಸ ತಡೆದು ಓಡುವ ಪುಟ್ಟ ಕೋಡು) ಬಿಡಿ.

ಸ್ಟೆಪ್ಪರ್‌ಗೂ ಒಂದು ಚಾಳಿ ಇದೆ. ಅದಕ್ಕೆ ಹೇಳಿದ್ದು ವೇಗ, ಬಲವಲ್ಲ. ಒಮ್ಮೆಲೇ ದೊಡ್ಡ ವೇಗ ಕೇಳಿದರೆ ಹೆಜ್ಜೆ ತಪ್ಪಿ ಗೊರ್ರೆಂದು ನಿಂತುಬಿಡುತ್ತದೆ. ಆದ್ದರಿಂದ ಪಿಐಡಿಯಿಂದ ಬಂದ ಉತ್ತರವನ್ನು ವೇಗ ಎಂದು ನೇರ ಕೊಡದೆ ವೇಗದ ಏರಿಕೆ ಎಂದು ತೆಗೆದುಕೊಳ್ಳಿ. ಪ್ರತಿ ಸುತ್ತಿನಲ್ಲಿ ಹಳೆಯ ವೇಗಕ್ಕೆ ಅದನ್ನು ಕೂಡಿಸುತ್ತ ಹೋಗಿ, ಏರಿಕೆಗೂ ವೇಗಕ್ಕೂ ಒಂದೊಂದು ಮಿತಿ ಹಾಕಿ. ಎಷ್ಟು ಏರಿಕೆ ಬೇಕಾಗಬಹುದು ಎಂಬ ಅಂದಾಜು ಇರಲಿ: 10 ಡಿಗ್ರಿ ವಾಲಿದ ದೇಹ ಇನ್ನಷ್ಟು ಬೀಳದಂತೆ ತಡೆಯಲು ಚಕ್ರದ ವೇಗ ಪ್ರತಿ ಸೆಕೆಂಡಿಗೆ 1.7 ಮೀಟರ್‌ನಂತೆ ಏರಬೇಕು. 20 ಡಿಗ್ರಿಗೆ 3.6, 30 ಡಿಗ್ರಿಗೆ 5.7. ಕೊನೆಯದಕ್ಕೆ ನುಣುಪು ನೆಲದ ಮೇಲೆ ಟೈರೇ ಜಾರುತ್ತದೆ. ಹಾಗಾಗಿ 30 ಡಿಗ್ರಿ ದಾಟಿದರೆ ಮೋಟರ್ ಆಫ್ ಮಾಡುವುದೇ ಸರಿ. ಬಿದ್ದ ರೋಬೋಟ್ ಚಕ್ರ ತಿರುಗಿಸುತ್ತ ನೆಲದ ಮೇಲೆ ಬಿದ್ದು ಹೊರಳಾಡುವುದನ್ನು ನೋಡಿದವರಿಗೆ ಯಾಕೆಂದು ಹೇಳಬೇಕಾಗಿಲ್ಲ.

ಗೇರ್ ಮೋಟರೇ ಬೇಕೆಂದರೆ 37 ಮಿ.ಮೀ. ಲೋಹದ ಗೇರಿನ, ಸುತ್ತು ಎಣಿಸುವ ಎನ್‌ಕೋಡರ್ ಇರುವ 12 ವೋಲ್ಟ್ ಮೋಟರ್ ತೆಗೆದುಕೊಳ್ಳಿ. ಎಲ್298 ಡ್ರೈವರ್ ಒಳಗೇ 2 ವೋಲ್ಟ್, ಕೆಲವೊಮ್ಮೆ ಅದಕ್ಕೂ ಹೆಚ್ಚು ನುಂಗುತ್ತದೆ. 7.4 ವೋಲ್ಟ್ ಬ್ಯಾಟರಿ ಹಾಕಿದರೆ ಮೋಟರ್‌ಗೆ ತಲುಪುವುದು ಐದು ಚಿಲ್ಲರೆ. ಟಿಬಿ6612 ಡ್ರೈವರ್ ಅಷ್ಟು ನುಂಗುವುದಿಲ್ಲ, ಆದರೆ ಒಂದು ಚಾನೆಲ್‌ಗೆ ನಿರಂತರ 1.2 ಆಂಪ್ ಮಾತ್ರ, ಕ್ಷಣಮಾತ್ರಕ್ಕೆ 3.2. ದೊಡ್ಡ ಮೋಟರಿಗೆ ಅದು ಸಾಲದು. ಡಿಸಿ ಮೋಟರಿನ ಇನ್ನೊಂದು ಕಿರಿಕಿರಿ, ಸಣ್ಣ ಪಿಡಬ್ಲ್ಯುಎಂಗೆ (ಪವರನ್ನು ಬೇಗಬೇಗ ಆನ್ ಆಫ್ ಮಾಡಿ ಬಲ ನಿರ್ಧರಿಸುವ ಅಂಕಿ) ಅದು ಅಲುಗುವುದೇ ಇಲ್ಲ. ಚಕ್ರ ಗಾಳಿಯಲ್ಲಿರುವಂತೆ ಎತ್ತಿಟ್ಟು, 0ಯಿಂದ ಒಂದೊಂದೇ ಏರಿಸುತ್ತ ಎಲ್ಲಿ ತಿರುಗಲು ಶುರುಮಾಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಎರಡು ಮೋಟರಿಗೂ, ಎರಡು ದಿಕ್ಕಿಗೂ ಬೇರೆ ಬೇರೆ. ಉತ್ತರ ಸೊನ್ನೆಯಲ್ಲದಾಗ ಆ ಅಂಕಿಯನ್ನು ಕೂಡಿಸಿ ಕಳಿಸಿ. ಇಲ್ಲದಿದ್ದರೆ ನಟ್ಟನಡುವಿನ ಒಂದೆರಡು ಡಿಗ್ರಿಯಲ್ಲಿ ರೋಬೋಟ್‌ಗೆ ಹಿಡಿತವೇ ಇರುವುದಿಲ್ಲ.

ವೈರಿಂಗ್

ಮೂರು ಸೆಲ್‌ನ ಲಿಪೋ ಬ್ಯಾಟರಿ ಸಾಕು: ಹೆಸರಿಗೆ 11.1 ವೋಲ್ಟ್, ಪೂರ್ತಿ ತುಂಬಿದಾಗ 12.6. ಕೋಡು ಓಡುವ ಆರ್ಡುಯಿನೊ ನ್ಯಾನೊ ಬೋರ್ಡಿನ ಮೇಲಿನ ಪುಟ್ಟ ರೆಗ್ಯುಲೇಟರ್‌ಗೆ ಅದನ್ನು ನೇರ ಕೊಟ್ಟರೆ ಬಿಸಿಯಾಗುತ್ತದೆ, 5 ವೋಲ್ಟ್‌ನ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಬೋರ್ಡು) ನಡುವೆ ಹಾಕಿ. ಬ್ಯಾಟರಿಯಿಂದ ಹೊರಟ ಕೂಡಲೇ ಸ್ವಿಚ್ ಮತ್ತು 5 ಆಂಪ್ ಫ್ಯೂಸ್.

ಎ4988ರ ಮೋಟರ್ ಸಪ್ಲೈ ಪಿನ್ನುಗಳಿಗೆ ಅಂಟಿಕೊಂಡಂತೆ 100 ಮೈಕ್ರೋಫ್ಯಾರಡ್, 35 ವೋಲ್ಟ್‌ನ ಕೆಪಾಸಿಟರ್ ಇರಲೇಬೇಕು. ಉದ್ದ ವೈರಿನ ಮೂಲಕ ಬ್ಯಾಟರಿ ಚುಚ್ಚಿದ ಕ್ಷಣದಲ್ಲಿ ವೋಲ್ಟೇಜ್ ಬ್ಯಾಟರಿಗಿಂತ ಎಷ್ಟೋ ಮೇಲಕ್ಕೆ ಚಿಮ್ಮುತ್ತದೆ, ಚಿಪ್‌ನ ಮಿತಿ 35 ವೋಲ್ಟ್. ಬ್ಯಾಟರಿ 12 ವೋಲ್ಟ್‌ದೇ ತಾನೆ ಎಂದು ಕೆಪಾಸಿಟರ್ ಬಿಟ್ಟವರ ಡ್ರೈವರ್ ಮೊದಲ ದಿನವೇ ಹೊಗೆಯಾಡಬಹುದು. ಸ್ಲೀಪ್ ಮತ್ತು ರೀಸೆಟ್ ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿ. ಪವರ್ ಇದ್ದಾಗ ಮೋಟರ್ ವೈರ್ ಕೀಳಬೇಡಿ, ಅದೂ ಚಿಪ್ ಸುಡುವ ದಾರಿಯೇ.

ಕರೆಂಟ್ ಮಿತಿಯನ್ನು ಮಲ್ಟಿಮೀಟರ್‌ನಲ್ಲಿ ನೋಡಿಯೇ ಇಡಿ. ಬೋರ್ಡಿನ ಮೇಲಿನ ಸೆನ್ಸ್ ರೆಸಿಸ್ಟರ್ ಮೇಲೆ ಆರ್100 ಎಂದಿದ್ದರೆ ಅದು 0.1 ಓಮ್, ವಿರೆಫ್ (ಬೋರ್ಡಿನ ಪುಟ್ಟ ತಿರುಪಿನಿಂದ ಇಡುವ ವೋಲ್ಟೇಜ್) ಬೇಕಾದ ಆಂಪ್‌ನ 0.8 ಪಟ್ಟು. 1 ಆಂಪ್‌ಗೆ 0.8 ವೋಲ್ಟ್. ಆರ್050 ಇದ್ದರೆ 0.4 ವೋಲ್ಟ್. ಈ ಗುರುತು ನೋಡದೆ ಎಲ್ಲಿಂದಲೋ ಓದಿದ 0.8 ಇಟ್ಟರೆ ಆರ್050 ಬೋರ್ಡಿನಲ್ಲಿ 2 ಆಂಪ್ ಹರಿಯಲು ಬಿಟ್ಟಂತೆ. ಹೀಟ್‌ಸಿಂಕ್ ಇಲ್ಲದ ಎ4988 ತಡೆಯುವುದು ಹೆಚ್ಚುಕಡಿಮೆ 1 ಆಂಪ್. ಬಿಸಿಯಾದ ಚಿಪ್ ತಾನೇ ಆಫ್ ಆಗಿ, ತಣ್ಣಗಾಗಿ ಮತ್ತೆ ಆನ್ ಆಗುತ್ತದೆ. ಎರಡು ನಿಮಿಷ ಚೆನ್ನಾಗಿ ನಿಂತು ಒಂದೇ ಬದಿಗೆ ತಿರುಗಿ ಬೀಳುವ ರೋಬೋಟ್‌ನ ರೋಗ ಬಹುತೇಕ ಇದೇ.

ಸ್ಟೆಪ್ಪರ್‌ನ ನಾಲ್ಕು ವೈರಿನಲ್ಲಿ ಜೋಡಿ ಯಾವುದು ತಿಳಿಯದಿದ್ದರೆ ಎರಡು ವೈರಿನ ತುದಿ ಮುಟ್ಟಿಸಿ ಶಾಫ್ಟ್ ತಿರುಗಿಸಿ. ಇದ್ದಕ್ಕಿದ್ದಂತೆ ಬಿಗಿಯಾದರೆ ಅವೆರಡೂ ಒಂದೇ ಕಾಯಿಲ್.

ಸೆನ್ಸರ್

ಎಂಪಿಯು 6050 ಸಾಕು. ತಿರುಗುವ ವೇಗ ಅಳೆಯುವ ಜೈರೋ, ಗುರುತ್ವದ ದಿಕ್ಕು ತೋರಿಸುವ ಆಕ್ಸೆಲೆರೋಮೀಟರ್ (ಚಿಕ್ಕದಾಗಿ ಆಕ್ಸೆಲ್) ಎರಡೂ ಒಂದೇ ಚಿಪ್‌ನಲ್ಲಿವೆ. ಬ್ರೆಡ್‌ಬೋರ್ಡ್‌ನಲ್ಲಿ ನಿಲ್ಲಿಸಬೇಡಿ, ಮೆತ್ತನೆಯ ಡಬಲ್ ಟೇಪಿನಲ್ಲಿ ಅಂಟಿಸಬೇಡಿ. ಕೆಳಗಿನ ಹಲಗೆಯ ನಡುಮಧ್ಯ, ಆಕ್ಸಲ್‌ಗೆ ಆದಷ್ಟು ಹತ್ತಿರ, ಎರಡು ಎಂ3 ಸ್ಕ್ರೂ ಹಾಕಿ ಬಿಗಿಯಿರಿ. ಮೇಲಿನ ಹಲಗೆಯಲ್ಲಿ ಇಟ್ಟರೆ ದೇಹ ತೂಗಿದಾಗಿನ ಎಳೆತವೂ ಆಕ್ಸೆಲೆರೋಮೀಟರ್ ಓದಿನಲ್ಲಿ ಸೇರುತ್ತದೆ.

ಚಿಪ್ ಎದ್ದಾಗ ನಿದ್ದೆಯಲ್ಲೇ ಇರುತ್ತದೆ. ಹೆಕ್ಸ್ 6ಬಿ ರಿಜಿಸ್ಟರ್‌ಗೆ (ಚಿಪ್ ಒಳಗಿನ ಸೆಟ್ಟಿಂಗ್ ಬರೆಯುವ ಜಾಗ) 0 ಬರೆದು ಎಬ್ಬಿಸಬೇಕು. ಜೈರೋವನ್ನು ಸೆಕೆಂಡಿಗೆ ±500 ಡಿಗ್ರಿಗೆ ಇಟ್ಟರೆ ಓದನ್ನು 65.5ರಿಂದ ಭಾಗಿಸಿ, ಆಕ್ಸೆಲ್ ±4 ಜಿ ಇದ್ದರೆ 8192ರಿಂದ. ಹೆಕ್ಸ್ 1ಎ ರಿಜಿಸ್ಟರ್‌ನಲ್ಲಿ ಬೇಗದ ಏರಿಳಿತ ಅಳಿಸುವ ಒಳಗಿನ ಲೋ ಪಾಸ್ ಫಿಲ್ಟರ್ ಇದೆ. ಓದು ಚೆನ್ನಾಗಿ ನುಣುಪಾಗಲಿ ಎಂದು ಅದಕ್ಕೆ 6 ಕೊಡುವವರಿದ್ದಾರೆ. ಅದು 5 ಹರ್ಟ್ಸ್‌ಗೆ ಕತ್ತರಿಸಿ 19 ಮಿಲಿಸೆಕೆಂಡ್ ತಡ ಮಾಡುತ್ತದೆ. ಗ್ರಾಫ್ ನೋಡಲು ಚೆಂದ, ರೋಬೋಟ್ ಮಾತ್ರ ನೆಲದ ಮೇಲೆ. 2 ಅಥವಾ 3 ಕೊಡಿ: ತಡ 3ರಿಂದ 5 ಮಿಲಿಸೆಕೆಂಡ್ ಅಷ್ಟೆ.

ಎರಡು ಓದುಗಳನ್ನು ಬೆರೆಸುವುದಕ್ಕೆ ಕಾಂಪ್ಲಿಮೆಂಟರಿ ಫಿಲ್ಟರ್ ಸಾಕು, ಇನ್ನೂ ಜಟಿಲವಾದ ಕಾಲ್ಮನ್ ಫಿಲ್ಟರ್ ಬೇಕಿಲ್ಲ:

ಕೋನ = 0.995 × (ಕೋನ + ಜೈರೋ × 0.005) + 0.005 × ಆಕ್ಸೆಲ್‌ನ ಕೋನ

ಜೈರೋ ಪಕ್ಕದ 0.005 ಎಂಬುದು ಲೂಪ್‌ನ ಕಾಲ, 5 ಮಿಲಿಸೆಕೆಂಡ್. ಎಲ್ಲೆಡೆ ಕಾಣುವ 0.98 ಎಂಬ ಅಂಕಿ ಲೂಪ್ ಕಾಲವನ್ನು ನೋಡದೆ ನಕಲಾಗುತ್ತ ಬಂದದ್ದು. 10 ಮಿಲಿಸೆಕೆಂಡ್ ಲೂಪ್‌ಗೆ 0.98 ಎಂದರೆ ಫಿಲ್ಟರ್ ಸುಮಾರು ಅರ್ಧ ಸೆಕೆಂಡು ಜೈರೋವನ್ನು ನಂಬುತ್ತದೆ. ಅದೇ 0.98ನ್ನು 5 ಮಿಲಿಸೆಕೆಂಡ್ ಲೂಪ್‌ಗೆ ಹಾಕಿದರೆ ಕಾಲು ಸೆಕೆಂಡು ಮಾತ್ರ. ಆಕ್ಸೆಲೆರೋಮೀಟರ್ ರೋಬೋಟ್ ಓಡುವಾಗ ಸುಳ್ಳು ಹೇಳುತ್ತದೆ; ಸೆಕೆಂಡಿಗೆ 1.7 ಮೀಟರ್‌ನಂತೆ ವೇಗ ಏರುತ್ತಿದ್ದರೆ ಅದರ ಕೋನದಲ್ಲಿ 10 ಡಿಗ್ರಿಯಷ್ಟು ತಪ್ಪು ಸೇರಬಹುದು. ಅದಕ್ಕೇ ಅದರ ಮಾತಿಗೆ ತೂಕ ಕಡಿಮೆ. ತೀರಾ ಕಡಿಮೆ ಮಾಡಿದರೆ ಜೈರೋದ ಸೊನ್ನೆಯ ತಪ್ಪು ಹಣಕುತ್ತದೆ: ಸೆಕೆಂಡಿಗೆ 1 ಡಿಗ್ರಿ ತಪ್ಪಿದ್ದರೆ 0.995ರಲ್ಲಿ ಕೋನ ಸುಮಾರು 1 ಡಿಗ್ರಿ ಅತ್ತಿತ್ತ. ಆನ್ ಮಾಡಿದ ಕೂಡಲೇ ರೋಬೋಟನ್ನು ಅಲುಗದಂತೆ ಮಲಗಿಸಿ 500 ಓದುಗಳ ಸರಾಸರಿ ತೆಗೆದು ಅದನ್ನು ಕಳೆಯುವುದು ಈ ಕಾರಣಕ್ಕೆ. ಕೈಯಲ್ಲಿ ಹಿಡಿದುಕೊಂಡು ಆನ್ ಮಾಡಿದರೆ ಆ ಸರಾಸರಿಯೇ ಕೆಟ್ಟಿರುತ್ತದೆ.

ಲೂಪ್‌ನ ಕಾಲ

200 ಹರ್ಟ್ಸ್, ಎಂದರೆ ಸುತ್ತಿಗೆ 5 ಮಿಲಿಸೆಕೆಂಡ್. ಅಂಕಿಗಿಂತ ಮುಖ್ಯ, ಪ್ರತಿ ಸುತ್ತೂ ಅಷ್ಟೇ ಇರಬೇಕು. ಡಿಲೇ 5 ಎಂದು ಬರೆದರೆ ಆಗದು, ಕೆಲಸಕ್ಕೆ ಹಿಡಿದ ಕಾಲ ಅದರ ಮೇಲೆ ಸೇರುತ್ತದೆ. ಮೈಕ್ರೋಸೆಕೆಂಡ್ ಗಡಿಯಾರ ನೋಡಿ ಹಿಂದಿನ ಸುತ್ತು ಶುರುವಾಗಿ 5000 ಆಗುವವರೆಗೆ ಕಾದು ಮುಂದಿನದನ್ನು ಶುರುಮಾಡಿ.

ಸೆನ್ಸರಿಗೂ ಬೋರ್ಡಿಗೂ ನಡುವಿನ ಐ2ಸಿ ಬಸ್ ಮೊದಲಿಗೆ 100 ಕಿಲೋಹರ್ಟ್ಸ್‌ನಲ್ಲಿ ಇರುತ್ತದೆ. 14 ಬೈಟ್ ಓದಲು ವಿಳಾಸ ಕಳಿಸುವುದೂ ಸೇರಿ ಸುಮಾರು 1.6 ಮಿಲಿಸೆಕೆಂಡ್, ಸುತ್ತಿನ ಮೂರನೇ ಒಂದು ಪಾಲು ಅಲ್ಲೇ ಹೋಯಿತು. 400 ಕಿಲೋಹರ್ಟ್ಸ್‌ಗೆ ಏರಿಸಿದರೆ 0.4.

ಇದಕ್ಕಿಂತ ದೊಡ್ಡ ಕಳ್ಳ, ಕಂಪ್ಯೂಟರಿಗೆ ಅಂಕಿ ಕಳಿಸುವ ಸೀರಿಯಲ್ ಪ್ರಿಂಟ್. ಟ್ಯೂನಿಂಗ್ ನೋಡಲೆಂದು ಪ್ರತಿ ಸುತ್ತಿಗೂ 30 ಅಕ್ಷರ ಛಾಪಿಸುವ ಸಾಲು ಹಾಕಿರುತ್ತಾರೆ. 9600 ಬಾಡ್‌ನಲ್ಲಿ ಸೆಕೆಂಡಿಗೆ ಹೋಗುವುದು 960 ಅಕ್ಷರ. ಬಫರ್‌ನಲ್ಲಿ ಹಿಡಿಸುವುದು 64. ಅದು ತುಂಬಿದ ಮೇಲೆ ಪ್ರತಿ ಸುತ್ತೂ 31 ಮಿಲಿಸೆಕೆಂಡ್ ಎಳೆಯುತ್ತದೆ. ಕೇಬಲ್ ಹಾಕಿ ನೋಡಿದರೆ ಬೀಳುತ್ತದೆ, ಪ್ರಿಂಟ್ ತೆಗೆದರೆ ನಿಲ್ಲುತ್ತದೆ, ಏನು ಮಾಯೆಯೋ ಎನಿಸುತ್ತದೆ. ಬಾಡ್ 115200 ಮಾಡಿ, 20 ಸುತ್ತಿಗೊಮ್ಮೆ ಮಾತ್ರ ಛಾಪಿಸಿ. ಸುತ್ತು 5200 ಮೈಕ್ರೋಸೆಕೆಂಡ್ ದಾಟಿದರೆ ಬೋರ್ಡಿನ ಎಲ್‌ಇಡಿ ಹೊತ್ತಿ ಹೊತ್ತಿಯೇ ಇರಲಿ. ಆ ಒಂದು ದೀಪ ಎಷ್ಟೋ ಗಂಟೆ ಉಳಿಸುತ್ತದೆ.

ಇನ್ನು ಐ2ಸಿ ಹೆಪ್ಪುಗಟ್ಟುವ ರೋಗ. ಮೋಟರಿನ ಗದ್ದಲದಿಂದ ಬಸ್‌ನಲ್ಲಿ ಒಂದು ಬಿಟ್ ತಪ್ಪಿದರೆ ಹಳೆಯ ಲೈಬ್ರರಿಗಳು ಉತ್ತರಕ್ಕಾಗಿ ಕಾಯುತ್ತಲೇ ನಿಂತುಬಿಡುತ್ತವೆ, ಚಕ್ರ ಕೊನೆಯ ವೇಗದಲ್ಲೇ ಓಡುತ್ತಿರುತ್ತದೆ. ಸೆನ್ಸರ್ ವೈರ್ 10 ಸೆಂ.ಮೀ. ಒಳಗಿರಲಿ, ಮೋಟರ್ ವೈರಿನ ಜೊತೆ ಕಟ್ಟು ಕಟ್ಟಬೇಡಿ. ಬ್ರಷ್ ಮೋಟರಿನ ಎರಡು ತುದಿಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಕೋಡು ನಿಂತರೆ ಬೋರ್ಡನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಆನ್ ಮಾಡಿಡಿ.

ದಿಕ್ಕು ನೋಡುವುದು

ಚಕ್ರ ಮೇಲೆತ್ತಿ, ಮೂರು ಅಂಕಿ ಛಾಪಿಸಿ: ಆಕ್ಸೆಲ್‌ನ ಕೋನ, ಜೈರೋ ಕೂಡಿಸಿ ಬಂದ ಕೋನ, ಬೆರೆಸಿದ ಕೋನ. ದೇಹವನ್ನು ಮೆಲ್ಲಗೆ 30 ಡಿಗ್ರಿ ಮುಂದಕ್ಕೆ ಬಾಗಿಸಿ. ಮೂರೂ ಒಂದೇ ಕಡೆ ಏರಬೇಕು. ಬೆರೆಸಿದ ಕೋನ ಮೊದಲು ಎದುರು ದಿಕ್ಕಿಗೆ ಹಾರಿ, ಆಮೇಲೆ ತೆವಳುತ್ತ ಸರಿಯಾದ ಜಾಗಕ್ಕೆ ಬಂದರೆ ಜೈರೋದ ಚಿಹ್ನೆ ತಿರುವುಮುರುವಾಗಿದೆ. ಇದು ಸರಿಯಿಲ್ಲದೆ ಟ್ಯೂನ್ ಮಾಡಲು ಕೂತರೆ ಬೆಳಗಾದರೂ ಮುಗಿಯದು. ಆಮೇಲೆ ಮೋಟರ್ ಆನ್ ಮಾಡಿ ಮುಂದಕ್ಕೆ ಬಾಗಿಸಿ, ಎರಡೂ ಚಕ್ರ ಮುಂದಕ್ಕೇ ಉರುಳಬೇಕು. ಮೋಟರ್‌ಗಳು ಒಂದಕ್ಕೊಂದು ಬೆನ್ನು ಮಾಡಿ ಕೂತಿರುವುದರಿಂದ ಒಂದರ ದಿಕ್ಕನ್ನು ಕೋಡಿನಲ್ಲಿ ತಿರುಗಿಸಬೇಕಾಗುತ್ತದೆ.

ಟ್ಯೂನಿಂಗ್

ಬೇರೆಯವರ ಕೆಪಿ, ಕೆಡಿ ನಕಲು ಮಾಡಬೇಡಿ. ಚಕ್ರದ ಅಳತೆ, ಲೂಪ್ ಕಾಲ, ಕೋನ ಡಿಗ್ರಿಯಲ್ಲೋ ರೇಡಿಯನ್‌ನಲ್ಲೋ ಎಂಬುದು ಬದಲಾದರೆ ಅಂಕಿ ಹತ್ತಾರು ಪಟ್ಟು ಬದಲಾಗುತ್ತದೆ.

ಗೇರ್ ಮೋಟರ್ ಇದ್ದರೆ ಕೆಐ, ಕೆಡಿ ಸೊನ್ನೆ ಮಾಡಿ ಕೆಪಿ ಏರಿಸಿ. ಮೊದಮೊದಲು ಸೋಮಾರಿಯಂತೆ ಬೀಳುತ್ತದೆ. ಒಂದು ಹಂತದಲ್ಲಿ ನೆಟ್ಟಗೆ ನಿಲ್ಲಲು ಯತ್ನಿಸಿ ಹಿಂದೆ ಮುಂದೆ ದೊಡ್ಡದಾಗಿ ತೂಗಲು ಶುರುಮಾಡುತ್ತದೆ. ಅಲ್ಲಿ ನಿಲ್ಲಿಸಿ ಕೆಡಿ ಕೊಡಿ. ಕೆಡಿಗೆ ಕೋನದ ವ್ಯತ್ಯಾಸ ಲೆಕ್ಕ ಹಾಕಬೇಡಿ, ಜೈರೋ ಓದನ್ನೇ ನೇರವಾಗಿ ಗುಣಿಸಿ. ತೂಗಾಟ ಎರಡು ಮೂರು ಸಲಕ್ಕೆ ಅಡಗಬೇಕು. ಕೆಡಿ ಜಾಸ್ತಿಯಾದಾಗ ಸದ್ದೇ ಹೇಳುತ್ತದೆ: ತೂಗಾಟ ನಿಂತು ಜೇನುಗೂಡಿನಂಥ ಸಣ್ಣ ಗುಯ್ ಶುರುವಾಗುತ್ತದೆ. ಆ ಸದ್ದು ಬಂದ ಅಂಕಿಯ ಅರ್ಧಕ್ಕೆ ಇಳಿಸಿ. ಸ್ಟೆಪ್ಪರ್‌ನಲ್ಲಿ ಉತ್ತರ ವೇಗದ ಏರಿಕೆಯಾದ್ದರಿಂದ ಬರೀ ಕೆಪಿಯಿಂದ ತೂಗಾಟ ಅಡಗುವುದೇ ಇಲ್ಲ, ಮೊದಲಿಂದಲೇ ಎರಡನ್ನೂ ಜೊತೆಜೊತೆಗೆ ಏರಿಸಿ.

ಈಗ ರೋಬೋಟ್ ನಿಲ್ಲುತ್ತದೆ, ಆದರೆ ಒಂದೇ ಕಡೆಗೆ ವೇಗ ಹೆಚ್ಚಿಸಿಕೊಳ್ಳುತ್ತ ಓಡಿ ಬೀಳುತ್ತದೆ. ತೂಕದ ಕೇಂದ್ರ ನಿಮ್ಮ ಸೊನ್ನೆ ಡಿಗ್ರಿಯ ಮೇಲಿಲ್ಲ. ಕೋನಕ್ಕೆ ಕೆಐ ಸುರಿದು ಇದನ್ನು ಮುಚ್ಚುವುದು ಸಾಮಾನ್ಯ, ಆದರೆ ಒಳ್ಳೆಯ ದಾರಿ ಹೊರಗೊಂದು ವೇಗದ ಲೂಪ್ ಹಾಕುವುದು. 50 ಹರ್ಟ್ಸ್‌ನಲ್ಲಿ ಚಕ್ರದ ವೇಗ ನೋಡಿ, ಬೇಕಾದ ವೇಗಕ್ಕೂ ಇದಕ್ಕೂ ಇರುವ ಅಂತರಕ್ಕೆ ತಕ್ಕಂತೆ ಒಳಗಿನ ಲೂಪ್‌ನ ಗುರಿ ಕೋನವನ್ನು ಬದಲಿಸಿ. ಗುರಿ ಕೋನಕ್ಕೆ ±8 ಡಿಗ್ರಿ ಮಿತಿ ಇಡಿ. ಇದರ ಕೆಐ ತಾನೇ ನಿಲ್ಲುವ ಕೋನ ಹುಡುಕಿಕೊಳ್ಳುತ್ತದೆ, ಬ್ಯಾಟರಿ ಸ್ವಲ್ಪ ಸರಿದರೂ ಹೊಂದಿಕೊಳ್ಳುತ್ತದೆ. ಮುಂದೆ ಹೋಗು ಎಂದರೆ ಚಕ್ರ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ದೇಹವನ್ನು ಮುಂದೆ ವಾಲಿಸಿ ಆಮೇಲೆ ಹೊರಡುತ್ತದೆ. ಅದು ದೋಷವಲ್ಲ, ಹಾಗಲ್ಲದೆ ಹೊರಡಲು ಸಾಧ್ಯವೇ ಇಲ್ಲ.

ಸ್ಕೂಟರ್

ಎರಡು ಚಕ್ರ ಅಕ್ಕಪಕ್ಕ ಇರುವ, ಮೇಲೆ ನಿಂತು ಓಡಿಸುವ ಸ್ಕೂಟರಿಗೂ ಇದೇ ಕೋಡು, ಇದೇ ಸೆನ್ಸರ್, ದೊಡ್ಡ ಮೋಟರ್. ನಿಲ್ಲಿಸುವುದು ರೋಬೋಟ್‌ಗಿಂತ ಸುಲಭ ಕೂಡ: ನಿಂತ ಮನುಷ್ಯನ ತೂಕದ ಕೇಂದ್ರ ಆಕ್ಸಲ್‌ನಿಂದ ಸುಮಾರು ಒಂದು ಮೀಟರ್ ಮೇಲಿರುತ್ತದೆ, ಬೀಳುವ ಕಾಲ 0.32 ಸೆಕೆಂಡು, 100 ಹರ್ಟ್ಸ್ ಲೂಪ್ ಸಾಕು. ಕಷ್ಟ ಇರುವುದು ಬೇರೆ ಕಡೆ. ರೋಬೋಟ್ ಕೆಟ್ಟರೆ ಪ್ಲೈವುಡ್ ಮುರಿಯುತ್ತದೆ, ಇದು ಕೆಟ್ಟರೆ ಹಲ್ಲು. ಇಂಥದೇ ಸ್ಕೂಟರ್ ಆದ ಸೆಗ್ವೇ 2001ರ ಡಿಸೆಂಬರ್‌ನಲ್ಲಿ ಹೊರಬಂದಾಗ ಅದರಲ್ಲಿ ಐದು ಜೈರೋ ಇದ್ದವು, ಕಂಟ್ರೋಲ್ ಬೋರ್ಡು, ಬ್ಯಾಟರಿ, ಮೋಟರಿನ ಸುತ್ತುಗಳು ಎಲ್ಲವೂ ಜೋಡಿಯಾಗಿದ್ದವು. ಮನೆಯಲ್ಲಿ ಕಟ್ಟಿದ್ದರಲ್ಲಿ ಎಲ್ಲವೂ ಒಂದೊಂದೇ ಎಂಬುದನ್ನು ಮರೆಯದೆ ಮುಂದೆ ಓದಿ.

75 ಕಿಲೋ ಸವಾರ, 30 ಕಿಲೋ ಗಾಡಿ ಎಂದುಕೊಳ್ಳಿ. 10 ಡಿಗ್ರಿ ವಾಲಿಕೆಯನ್ನು ಹಿಡಿಯಲು ಸುಮಾರು 180 ನ್ಯೂಟನ್ ತಳ್ಳುಬಲ ಬೇಕು. 40 ಸೆಂ.ಮೀ. ವ್ಯಾಸದ ಚಕ್ರಕ್ಕೆ ಅದು 36 ನ್ಯೂಟನ್ ಮೀಟರ್, ಒಂದು ಬದಿಗೆ 18. 24 ವೋಲ್ಟ್, 250 ವ್ಯಾಟ್, ನಿಮಿಷಕ್ಕೆ 3000 ಸುತ್ತಿನ ಬ್ರಷ್ ಮೋಟರ್ ಕೊಡುವುದು 0.8. 10:1 ಗೇರ್ ಹಾಕಿದರೆ 8. ಉಳಿದದ್ದಕ್ಕೆ ಕ್ಷಣಕಾಲ ಎರಡೂಕಾಲು ಪಟ್ಟು ಕರೆಂಟ್ ಹರಿಯಬೇಕು, ಎಂದರೆ ಬದಿಗೆ 30 ಆಂಪ್ ದಾಟುತ್ತದೆ. ಹೀಗಾಗಿ 60 ಆಂಪ್ ತಡೆಯುವ ಎಚ್ ಬ್ರಿಡ್ಜ್ (ಮೋಟರನ್ನು ಎರಡು ದಿಕ್ಕಿಗೂ ತಿರುಗಿಸುವ ಡ್ರೈವರ್) ತೆಗೆದುಕೊಳ್ಳಿ, 30ರದ್ದು ಬೇಡ. ಬ್ಯಾಟರಿಯ ಮುಖ್ಯ ವೈರ್ 10 ಚದರ ಮಿ.ಮೀ. ಫ್ಯೂಸ್ ಅತಿ ಬಿಗಿಯಾದದ್ದು ಹಾಕಬೇಡಿ. ಓಡುವಾಗ ಫ್ಯೂಸ್ ಹೋದರೆ ಸವಾರ ನೇರ ಮುಂದಕ್ಕೆ. ವೈರನ್ನು ಬೆಂಕಿಯಿಂದ ಕಾಪಾಡುವಷ್ಟಿದ್ದರೆ ಸಾಕು.

ಅದೇ ಗೇರಿನಲ್ಲಿ ಚಕ್ರದ ಗರಿಷ್ಠ ವೇಗ ಗಂಟೆಗೆ ಸುಮಾರು 22 ಕಿ.ಮೀ. ಬಳಸುವುದು 11 ಮಾತ್ರ. ಉಳಿದರ್ಧ ಹಿಡಿಯುವುದಕ್ಕೆ ಮೀಸಲು: ಮುಂದೆ ವಾಲಿದ ಸವಾರನ ಕೆಳಗೆ ಚಕ್ರ ಇನ್ನೂ ಜೋರಾಗಿ ಓಡಲು ಜಾಗ ಇರಬೇಕು. ಪಿಡಬ್ಲ್ಯುಎಂ 50% ಮುಟ್ಟುತ್ತಿದ್ದಂತೆ ಗುರಿ ಕೋನವನ್ನು ಹಿಂದಕ್ಕೆ ಸರಿಸಿ ಹಲಗೆಯ ಮೂತಿ ಮೇಲೇಳುವಂತೆ ಮಾಡಿ. ಸವಾರ ತಾನಾಗಿ ಹಿಂದೆ ಒರಗಿ ನಿಧಾನವಾಗುತ್ತಾನೆ. ಬ್ಯಾಟರಿ ವೋಲ್ಟೇಜ್ ಇಳಿದಂತೆ ಈ ಮಿತಿಯೂ ಇಳಿಯಲಿ.

ಬ್ಯಾಟರಿ 12 ವೋಲ್ಟ್‌ನ ಎರಡು ಲೆಡ್ ಆಸಿಡ್ ಆದರೆ ಭಾರ, ಆದರೆ ನಂಬಿಗಸ್ತ. ಹಳೆಯ ಹೋವರ್‌ಬೋರ್ಡಿನ ಹಬ್ ಮೋಟರ್ (ಚಕ್ರದೊಳಗೇ ಇರುವ ಮೋಟರ್), 36 ವೋಲ್ಟ್‌ನ 10 ಸೆಲ್ ಪ್ಯಾಕ್ ಬಳಸುವವರಿಗೆ ಒಂದು ಬಲೆ ಇದೆ. ಪ್ಯಾಕ್ 42 ವೋಲ್ಟ್‌ಗೆ ಪೂರ್ತಿ ತುಂಬಿರುವಾಗ ಇಳಿಜಾರು ಇಳಿದರೆ ಬ್ರೇಕ್ ಹಿಡಿದ ಶಕ್ತಿ ವಾಪಸ್ ಪ್ಯಾಕಿಗೆ ನುಗ್ಗುತ್ತದೆ, ಪ್ಯಾಕನ್ನು ಕಾಯುವ ಬಿಎಂಎಸ್ ಬೋರ್ಡು ವೋಲ್ಟೇಜ್ ಹೆಚ್ಚಾಯಿತೆಂದು ಸಂಪರ್ಕ ಕಡಿಯುತ್ತದೆ, ಮೋಟರ್ ಸತ್ತು ಸವಾರ ಬೀಳುತ್ತಾನೆ. ಇಳಿಜಾರಿನ ದಾರಿಯಿದ್ದರೆ 80ರಿಂದ 90%ಗೆ ಚಾರ್ಜ್ ನಿಲ್ಲಿಸಿ. ಹಬ್ ಮೋಟರಿನಲ್ಲಿ 15 ಜೋಡಿ ಧ್ರುವ, ಅಯಸ್ಕಾಂತ ಗುರುತಿಸುವ ಹಾಲ್ ಸೆನ್ಸರ್‌ನಿಂದ ಸುತ್ತಿಗೆ 90 ಗುರುತು ಸಿಗುತ್ತದೆ. ವೇಗ ಅಳೆಯಲು ಬೇರೆ ಎನ್‌ಕೋಡರ್ ಬೇಡ. ಗೇರೂ ಇಲ್ಲ, ಪ್ಲೇಯೂ ಇಲ್ಲ. ಚೈನ್ ಹಾಕಿದ ಗಾಡಿಯಲ್ಲಾದರೆ ಚೈನ್ ಸಡಿಲವಾಗಿ ಚಕ್ರ 1 ಡಿಗ್ರಿ ಆಡಿದರೂ ನೆಲದ ಮೇಲೆ ಮೂರೂವರೆ ಮಿ.ಮೀ. ಆಗುತ್ತದೆ, ಕಾಲಿಗೆ ನಡುಕವಾಗಿ ತಟ್ಟುತ್ತದೆ.

ಆನ್ ಆದ ಕೂಡಲೇ ಬ್ಯಾಲೆನ್ಸ್ ಶುರುವಾಗಬಾರದು. ಸವಾರ ನಿಲ್ಲುವ ಮ್ಯಾಟಿನ ಕೆಳಗಿನ ಎರಡು ಮೈಕ್ರೋಸ್ವಿಚ್ ಒತ್ತಿರಬೇಕು, ಹಲಗೆ ±2 ಡಿಗ್ರಿ ಒಳಗಿರಬೇಕು, ಬಲ ಅರ್ಧ ಸೆಕೆಂಡಿನಲ್ಲಿ ಮೆಲ್ಲಗೆ ಏರಬೇಕು. ಇದನ್ನು ಬಿಟ್ಟರೆ ನೆಲಕ್ಕೆ ವಾಲಿದ ಹಲಗೆ ಚಂಗನೆ ಎದ್ದು ಮೊಣಕಾಲ ಕೆಳಗಿನ ಮೂಳೆಗೆ ಬಡಿಯುತ್ತದೆ. ಮಣಿಕಟ್ಟಿಗೆ ಕಟ್ಟುವ, ಎಳೆದರೆ ಪವರ್ ಕಡಿಯುವ ಕಿಲ್ ಹಗ್ಗ ಸವಾರ ಇಳಿದ ಮೇಲೆ ಎಳೆಯುವಷ್ಟು ಉದ್ದವಿರಲಿ. ಸವಾರ ಮೇಲಿರುವಾಗ ಪವರ್ ಕಡಿದರೆ ಅದೇ ಅಪಘಾತ.

ತಿರುವಿಗೆ ಹ್ಯಾಂಡಲ್‌ನಲ್ಲಿ 10 ಕಿಲೋಓಮ್ ಪೊಟೆನ್ಷಿಯೋಮೀಟರ್ (ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್). ಅದರ ಎರಡು ತುದಿಗೂ 1 ಕಿಲೋಓಮ್ ರೆಸಿಸ್ಟರ್ ಸೇರಿಸಿ, ನಡುವಿನ ಪಿನ್ನಿನ ವೈರ್ ಬೋರ್ಡಿಗೆ ಸೇರುವಲ್ಲಿ ಗ್ರೌಂಡಿಗೆ 470 ಕಿಲೋಓಮ್. ಆಗ ಸರಿಯಾದ ಓದು 1023ರಲ್ಲಿ ಅಂದಾಜು 85ರಿಂದ 938ರ ಒಳಗೇ ಇರುತ್ತದೆ. 60ಕ್ಕಿಂತ ಕೆಳಗೆ ಅಥವಾ 965ರ ಮೇಲೆ ಬಂದರೆ ವೈರ್ ಕಿತ್ತಿದೆ ಎಂದೇ ಅರ್ಥ, ತಿರುವನ್ನು ಸೊನ್ನೆ ಮಾಡಿ. ಇಷ್ಟು ಮಾಡದ ಗಾಡಿ ವೈರ್ ಕಿತ್ತ ಕ್ಷಣ ಬುಗುರಿಯಂತೆ ಗಿರ್ರನೆ ತಿರುಗುತ್ತದೆ. ವೇಗ ಹೆಚ್ಚಿದಂತೆ ತಿರುವಿನ ಪ್ರಮಾಣವನ್ನೂ ಇಳಿಸಿ.

ಹಲಗೆಯ ಮುಂದೆ ಹಿಂದೆ, ನೆಲದಿಂದ 3 ಸೆಂ.ಮೀ. ಮೇಲೆ ಚಿಕ್ಕ ಕ್ಯಾಸ್ಟರ್ ಚಕ್ರ ಕೂರಿಸಿ; ಮೊದಲ ದಿನಗಳಲ್ಲಿ ಮೋಟರ್ ಸತ್ತರೂ ಹಲಗೆ ಅಲ್ಲಿಗೇ ನಿಲ್ಲುತ್ತದೆ. ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್, ಮೊಣಕಾಲಿನ ಪ್ಯಾಡ್ ಹಾಕಿಕೊಂಡೇ ಹತ್ತಬೇಕು.

ಹತ್ತುವ ಮುಂಚೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆತ್ತಿ, ಮ್ಯಾಟಿನ ಮೇಲೆ ಭಾರ ಇಟ್ಟು ಚಕ್ರ ತಿರುಗುವಂತೆ ಮಾಡಿ, ಒಂದೊಂದೇ ಕೆಡಿಸಿ ನೋಡಿ. ಸೆನ್ಸರಿನ ಡೇಟಾ ವೈರ್ ಕೀಳಿ. ಆಮೇಲೆ ಅದರ ಪವರ್ ವೈರ್. ಆಮೇಲೆ ಪೊಟೆನ್ಷಿಯೋಮೀಟರ್‌ನ ಮೂರು ವೈರ್ ಒಂದೊಂದಾಗಿ. ಸೆನ್ಸರ್ ವೈರ್ ಕಿತ್ತಾಗ ಚಕ್ರ ಕೊನೆಯ ವೇಗದಲ್ಲಿ ಓಡುತ್ತಲೇ ಇರಬಾರದು, ಪೂರ್ತಿ ವೇಗಕ್ಕೆ ಹಾರಲೂಬಾರದು. ಬಜರ್ ಕೂಗಿ ಕಾಲು ಸೆಕೆಂಡಿನಲ್ಲಿ ಬಲ ಸೊನ್ನೆಗೆ ಇಳಿಯಬೇಕು. ಪೊಟೆನ್ಷಿಯೋಮೀಟರ್ ವೈರ್ ಯಾವುದನ್ನು ಕಿತ್ತರೂ ಎರಡು ಚಕ್ರ ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ತುದಿಯ ಎರಡು ವೈರುಗಳಲ್ಲಿ ಒಂದನ್ನು ಕಿತ್ತಾಗ ಓದು ಒಮ್ಮೆಲೇ 1023ರ ಹತ್ತಿರ ಹಾರುತ್ತದೆ, ಇನ್ನೊಂದಕ್ಕೆ ಸೊನ್ನೆಗೆ ಇಳಿಯುತ್ತದೆ. 965ರ ಮೇಲಿನ ಮಿತಿಯನ್ನು ಕೋಡಿನಲ್ಲಿ ಬರೆಯಲು ಮರೆತಿದ್ದರೆ ಸಿಕ್ಕಿಬೀಳುವುದು ಈ ಪರೀಕ್ಷೆಯಲ್ಲೇ.